ಚಾಟರ್ಟನ್ ಸಾಹೇಬರ ಅಲ್ಯುಮಿನಿಯಂ

ಹಿತ್ತಾಳೆ ತಪ್ಪಲೆಗಳಿಗೆ ಕಲಾಯಿ ಹಾಕಿಸುವ ತಾಪತ್ರಯವನ್ನು ನಮ್ಮ ಅಜ್ಜಿಯರು ಚೆನ್ನಾಗಿ ಬಲ್ಲರು. ಕಲಾಯಿ ಸವೆದ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಕಿಲುಬೇ ಗತಿ. ಕಲಾಯಿಯ ಹಂಗಿಲ್ಲದ ಹಗುರವಾದ ಅಲ್ಯುಮಿನಿಯಂ ಪಾತ್ರೆಯ ಉದ್ಯಮ ನಮ್ಮ ದೇಶದಲ್ಲಿ ಬೇರೂರಿದ್ದು ಸಿರಿವಂತ ವರ್ತಕನೊಬ್ಬನ ಕಾರ್ಖಾನೆಯಿಂದಲ್ಲ, ಮದರಾಸಿನ ಒಂದು ವಿದ್ಯಾಶಾಲೆಯಿಂದ. ಅದಕ್ಕೆ ಕಾರಣಪುರುಷರು ಸರ್ ಆಲ್ಫ್ರೆಡ್ ಚಾಟರ್ಟನ್. ಮುಂದೆ ಇವರು ಮೈಸೂರು ಸಂಸ್ಥಾನದ ಸೇವೆಗೂ ಬಂದವರಾದ್ದರಿಂದ ಹೊರನಾಡ ಕನ್ನಡಿಗರಾದ ನಾವು ಅವರನ್ನು ನೆನೆಯುವುದು ಉಚಿತವೇ ಆಗಿದೆ.

1866ರಲ್ಲಿ ಜನಿಸಿದ ಈ ಆಂಗ್ಲರು 1888ರಲ್ಲಿ ಮದರಾಸಿನ ಇಂಜಿನಿಯರಿಂಗ್ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದರು. ಕೆಲವು ವರ್ಷಗಳ ನಂತರ ಅಲ್ಲಿನ ಕಲಾಶಾಲೆಯ ಆಡಳಿತವೂ ಅವರ ಕೈಗೆ ಬಂದಿತು. ಕೈಕಸುಬಿಗೆ ಕಾಲ ಕೆಟ್ಟಿತ್ತು. ವಿಲಾಯಿತಿ ಸಾಮಾನಿನ ಮುಂದೆ ನಮ್ಮ ಕಂಚುಗಾರರು ಸೋಲುತ್ತಿದ್ದರು. ಅವರಿಗೆ ಹೊಸದೊಂದು ಲೋಹವನ್ನು ಕೊಟ್ಟರೆ ಹೇಗೆಂದು ಚಾಟರ್ಟನ್ನರು ಯೋಚಿಸಿದರು.

ಒಂದು ಕಾಲಕ್ಕೆ ಅಲ್ಯುಮಿನಿಯಂ ಬೆಳ್ಳಿಗೆ ಸರಿಗಟ್ಟುವಷ್ಟು ದುಬಾರಿಯಾಗಿತ್ತು. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬ ತರುಣರಿಬ್ಬರು, ಒಬ್ಬರನ್ನೊಬ್ಬರು ಅರಿಯದೆಯೇ, ವಿದ್ಯುಚ್ಛಕ್ತಿಯಿಂದ ಅದನ್ನು ಬೇರ್ಪಡಿಸುವ ಒಂದೇ ಬಗೆಯ ವಿಧಾನವನ್ನು ಕಂಡುಹಿಡಿದ ಮೇಲೆ ಬೆಲೆ ಇಳಿಯಿತು. 1898ರಲ್ಲಿ ಕಲಾಶಾಲೆಯಲ್ಲಿ ಈ ಲೋಹದ ಕೆಲಸ ಆರಂಭವಾಯಿತು. ತಾಮ್ರದ ಅನುಭವ ಇಲ್ಲಿ ಪೂರ್ತಿ ನಡೆಯದು. ಬಡಿದಷ್ಟೂ ಎರಡೂ ಗಡುಸಾಗುತ್ತವೆ, ಕಾಯಿಸಿ ಮೆದುಮಾಡಿಕೊಳ್ಳಬೇಕು ನಿಜ. ಆದರೆ ತಾಮ್ರ ಕೆಂಪಗೆ ಕಾದು ಸೂಚನೆ ಕೊಡುತ್ತದೆ. ಅಲ್ಯುಮಿನಿಯಂ ಬಣ್ಣಗೆಡದೆಯೇ 660 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿಹೋಗುತ್ತದೆ. ಇಂಥ ಪಾಠವನ್ನು ಪುಸ್ತಕ ಹೇಳಬಹುದು, ಕೈಗೆ ಕಲಿಸಬೇಕಾದದ್ದು ಕುಲುಮೆಯೇ. (ಹುಳಿಯನ್ನು ಇದರಲ್ಲಿಯೂ ಹೆಚ್ಚು ಹೊತ್ತು ಇಡಬಾರದೆಂಬುದು ಗೃಹಿಣಿಯರಿಗೆ ತಿಳಿದ ವಿಷಯ.)

ಕೆಲಸ ಕೈಗೂಡಿತು, ಪಾತ್ರೆಗಳು ಮಾರಾಟವಾದವು. 1903ರಲ್ಲಿ ಉದ್ಯಮವನ್ನು ಇಂಡಿಯನ್ ಅಲ್ಯುಮಿನಿಯಂ ಕಂಪನಿಗೆ ವಹಿಸಿಕೊಡಲಾಯಿತು. ಶಾಲೆ ಪ್ರಯೋಗದ ಕಷ್ಟನಷ್ಟವನ್ನು ಹೊತ್ತು, ದಾರಿ ಸಿದ್ಧವಾದೊಡನೆ ಖಾಸಗಿಯವರಿಗೆ ಬಿಟ್ಟುಕೊಡಬೇಕೆಂಬುದೇ ಅವರ ಕ್ರಮ. ಕ್ರೋಮ್ ಚರ್ಮ ಹದಮಾಡುವ ಕೆಲಸವನ್ನೂ ಅವರು ಹೀಗೆಯೇ ಕೈಗೆತ್ತಿಕೊಂಡರು.

ಸರ್ಕಾರ ಅಂಗಡಿ ಇಡುವುದೇ ಎಂದು ಮದರಾಸಿನ ಯೂರೋಪಿಯನ್ ವರ್ತಕರು ಗದ್ದಲವೆಬ್ಬಿಸಿದರು. 1910ರಲ್ಲಿ ಲಂಡನ್ನಿನಿಂದ ಭಾರತ ಮಂತ್ರಿ ಮಾರ್ಲೆಯವರು ಅವರ ಪರವಾಗಿಯೇ ತೀರ್ಪಿತ್ತರು: ಸರ್ಕಾರ ಕಸುಬನ್ನು ಕಲಿಸಬಹುದು, ವ್ಯಾಪಾರಕ್ಕೆ ಇಳಿಯಕೂಡದು. ಕಲಿಸುವುದಕ್ಕೂ ಮಾಡುವುದಕ್ಕೂ ನಡುವೆ ಗೋಡೆ ಕಟ್ಟಿದ ಈ ಆಜ್ಞೆಯಲ್ಲಿ ನ್ಯಾಯಕ್ಕಿಂತ ವರ್ತಕರ ಹಿತವೇ ಹೆಚ್ಚಾಗಿತ್ತೆಂದು ನಮ್ಮ ಭಾವನೆ.

ಮದರಾಸು ಬೇಡವೆಂದದ್ದು ಮೈಸೂರಿಗೆ ಬೇಕಾಗಿತ್ತು. 1912ರಲ್ಲಿ ಚಾಟರ್ಟನ್ನರು ಸಂಸ್ಥಾನಕ್ಕೆ ಬಂದರು. ವಿಶ್ವೇಶ್ವರಯ್ಯನವರು ದಿವಾನರಾದುದೂ ಅದೇ ವರ್ಷ. ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿ ಚಾಟರ್ಟನ್ನರು ದುಡಿಯುತ್ತಿದ್ದಾಗ, 1914ರ ಯುದ್ಧದಿಂದಾಗಿ ಜರ್ಮನಿಗೆ ಹೋಗುತ್ತಿದ್ದ ನಮ್ಮ ಶ್ರೀಗಂಧ ನಿಂತುಹೋಯಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಅವರು ಎಣ್ಣೆ ಇಳಿಸುವ ಪ್ರಯೋಗ ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯೇ ಎದ್ದಿತು. ಲೋಹ ಹೋಗಿ ಗಂಧ ಬಂದಿತ್ತು, ಕ್ರಮ ಮಾತ್ರ ಹಳೆಯದೇ. 1918ರಲ್ಲಿ ಸಾಬೂನೂ ಬಂದಿತು. ಊರಿನಿಂದ ಬರುವವರು ನಮಗಾಗಿ ಪೆಟ್ಟಿಗೆಯಲ್ಲಿ ಇಟ್ಟು ತರುತ್ತಿದ್ದ ಮೈಸೂರು ಸ್ಯಾಂಡಲ್ ಸೋಪು ಅದೇ.

1916ರಿಂದ 1918ರವರೆಗೆ ಅವರು ಭಾರತದ ಕೈಗಾರಿಕಾ ಆಯೋಗದ ಸದಸ್ಯರೂ ಆಗಿದ್ದರು. 1919ರಲ್ಲಿ ಸರ್ ಪದವಿ ಲಭಿಸಿತು. ಭಾರತ ಸ್ವತಂತ್ರವಾಗಿ, ಸರ್ಕಾರವೇ ಕಾರ್ಖಾನೆಗಳನ್ನು ಕಟ್ಟುತ್ತಿದ್ದ ಕಾಲವನ್ನೂ ಕಂಡು, 1958ರಲ್ಲಿ ಅವರು ತೀರಿಕೊಂಡರು.