ಹಿಮದ ದಪ್ಪ ಅಳೆಯಲು ಹೋದ ವೆಗೆನರ್

ಆಲ್ಫ್ರೆಡ್ ವೆಗೆನರ್ ಅಂದರೆ ನಮಗೆ ನೆನಪಾಗೋದು ಭೂಗೋಳದ ಪಾಠ. ಖಂಡಗಳು ಒಂದು ಕಾಲಕ್ಕೆ ಕೂಡಿಕೊಂಡಿದ್ದವು, ಆಮೇಲೆ ಸರಿದು ದೂರವಾದವು ಅಂತ 1912ರಲ್ಲಿ ಹೇಳಿ ಭೂವಿಜ್ಞಾನಿಗಳ ನಡುವೆ ನಗೆಪಾಟಲಾದ ಜರ್ಮನ್. ಆತ ಓದಿದ್ದು ಖಗೋಳಶಾಸ್ತ್ರ, ಹಿಡಿದ ಕೆಲಸ ಹವಾಮಾನದ್ದು, ಪ್ರಾಣ ಬಿಟ್ಟಿದ್ದು ಗ್ರೀನ್‌ಲ್ಯಾಂಡಿನ ಹಿಮದ ಮೇಲೆ. ಕಡಲು ಇನ್ನೆಷ್ಟು ಏರಬಹುದು ಎಂಬ ಇಂದಿನ ಲೆಕ್ಕಕ್ಕೆ ಆ ಕೊನೆಯ ಯಾತ್ರೆಯ ಋಣವಿದೆ.

1880ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ವೆಗೆನರ್ 1906ರಲ್ಲಿ ಅಣ್ಣ ಕುರ್ಟ್ ಜೊತೆ ಬಲೂನಿನಲ್ಲಿ 52 ಗಂಟೆ ಹಾರಿ ದಾಖಲೆ ಮಾಡಿದ. ಅದೇ ವರ್ಷ ಗ್ರೀನ್‌ಲ್ಯಾಂಡಿಗೆ ಮೊದಲ ಪಯಣ. 1912-13ರಲ್ಲಿ ಡೆನ್ಮಾರ್ಕಿನ ಕೋಖ್ ಜೊತೆ ಕುದುರೆಗಳನ್ನು ಕಟ್ಟಿಕೊಂಡು ಇಡೀ ಹಿಮಹಾಸನ್ನು ದಾಟಿದ. ಕುದುರೆ ಒಂದೂ ಉಳಿಯಲಿಲ್ಲ. ಆಮೇಲೆ ಮದುವೆ, ಯುದ್ಧ, ಗಾಯ, ಗ್ರಾಜ್‌ನಲ್ಲಿ ಪ್ರೊಫೆಸರ್ ಕೆಲಸ.

ಆದರೆ ಆ ಹಿಮ ಎಷ್ಟು ದಪ್ಪ ಅನ್ನೋದು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಕಡಲಲ್ಲಿ ತೇಲುವ ಮಂಜುಗಡ್ಡೆ ಕರಗಿದರೆ ನೀರಿನ ಮಟ್ಟ ಅಷ್ಟೇನೂ ಏರೋದಿಲ್ಲ, ಲೋಟದೊಳಗಿನ ಐಸ್ ಕರಗಿದ ಹಾಗೆ. ನೆಲದ ಮೇಲೆ ಕೂತ ಹಿಮ ಹಾಗಲ್ಲ, ಕರಗಿದಷ್ಟೂ ಕಡಲಿಗೆ ಹೊಸ ನೀರು. ದಪ್ಪ ಗೊತ್ತಾಗದೆ ಆ ನೀರಿನ ಲೆಕ್ಕ ಸಿಗೋದಿಲ್ಲ. ಹಿಮದ ಮೇಲೆ ಸಿಡಿಮದ್ದು ಸಿಡಿಸಿ, ಅದರ ಕಂಪನ ತಳದ ಬಂಡೆಗೆ ಬಡಿದು ವಾಪಸು ಬರುವ ಹೊತ್ತನ್ನು ಅಳೆಯುವುದು ವೆಗೆನರ್ ತಂಡದ ಉಪಾಯ.

1930ರ ವಸಂತದಲ್ಲಿ ದಡಕ್ಕೆ ಇಳಿಯಲೂ ಬಿಡದ ಕಡಲ ಮಂಜುಗಡ್ಡೆ ತಿಂಗಳಿಗೂ ಹೆಚ್ಚು ಕಾಲ ತಿಂದಿತು. ಕರಾವಳಿಯಿಂದ 400 ಕಿಲೋಮೀಟರ್ ಒಳಗೆ, 3,000 ಮೀಟರ್ ಎತ್ತರದಲ್ಲಿದ್ದ 'ಐಸ್‌ಮಿಟ್ಟೆ' ಠಾಣೆಗೆ ಚಳಿಗಾಲಕ್ಕೆ ಸಾಕಾಗುವಷ್ಟು ಸಾಮಾನು ತಲುಪಲಿಲ್ಲ. ಅಲ್ಲಿ ಗಿಯೋರ್ಗಿ ಮತ್ತು ಝೋರ್ಗೆ ಇಬ್ಬರೇ. ಸೆಪ್ಟೆಂಬರ್ ಕೊನೆಗೆ ವೆಗೆನರ್, ಲೋವೆ ಮತ್ತು 13 ಗ್ರೀನ್‌ಲ್ಯಾಂಡಿಗರು ನಾಯಿಬಂಡಿಗಳಲ್ಲಿ ಹೊರಟರು. ಚಳಿಗೆ ಹನ್ನೆರಡು ಮಂದಿ ಹಿಂದಿರುಗಿದರು. ಅವರನ್ನು ದೂರುವುದು ಬೆಚ್ಚಗೆ ಕೂತವರ ಮಾತು. ಉಳಿದವನು ಇಪ್ಪತ್ತರ ಆಸುಪಾಸಿನ ರಾಸ್ಮುಸ್ ವಿಲ್ಲುಮ್ಸೆನ್ ಒಬ್ಬನೇ. ಅಕ್ಟೋಬರ್ 30ಕ್ಕೆ ಮೂವರೂ ಠಾಣೆ ಮುಟ್ಟಿದಾಗ ಬಂಡಿಯಲ್ಲಿ ಕೊಡುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲ. ಲೋವೆಯ ಕಾಲ್ಬೆರಳುಗಳು ಹೆಪ್ಪುಗಟ್ಟಿದ್ದವು; ಆಮೇಲೆ ಅವನ್ನು ಚಾಕುವಿನಿಂದಲೇ ಕತ್ತರಿಸಬೇಕಾಯಿತು.

ಇದ್ದ ಆಹಾರ ಐವರಿಗೆ ಸಾಲದು. ನವೆಂಬರ್ 1, ತನಗೆ ಐವತ್ತು ತುಂಬಿದ ದಿನ, ವೆಗೆನರ್ ವಿಲ್ಲುಮ್ಸೆನ್ ಜೊತೆ ಕರಾವಳಿಯತ್ತ ಹೊರಟ. ಮುಂದಿನ ಮೇ ತಿಂಗಳಲ್ಲಿ ದಾರಿಯಲ್ಲಿ ಆತನ ದೇಹ ಸಿಕ್ಕಿತು, ಹೊದಿಕೆಯಲ್ಲಿ ಹೊಲಿದು ಜೋಪಾನವಾಗಿ ಹೂತಿದ್ದರು. ಹಾಗೆ ಹೂತ ವಿಲ್ಲುಮ್ಸೆನ್ ಮಾತ್ರ ಸಿಗಲೇ ಇಲ್ಲ. ಖಂಡಗಳ ಪಾಠದಲ್ಲಿ ಅವನ ಹೆಸರಿಗೂ ಒಂದು ಸಾಲು ಇರಬೇಕಿತ್ತು.

ಉಳಿದ ಮೂವರು ಹಿಮದೊಳಗೆ ಕೊರೆದ ಗುಹೆಯಲ್ಲಿ ಚಳಿಗಾಲ ಕಳೆದರು. ಝೋರ್ಗೆ 15 ಮೀಟರ್ ಆಳದ ಗುಂಡಿ ತೋಡಿ ಪ್ರತಿ ವರ್ಷದ ಹಿಮದ ಪದರಗಳನ್ನು ಓದಿದ. 1931ರಲ್ಲಿ ಸಿಡಿಮದ್ದಿನ ಅಳತೆಯೂ ಸಿಕ್ಕಿತು: ಕಾಲ ಕೆಳಗೆ ಎರಡೂವರೆ ಕಿಲೋಮೀಟರಿಗೂ ಹೆಚ್ಚು ಹಿಮ.

ಈಗ ರಾಡಾರು, ಉಪಗ್ರಹ ಎಲ್ಲ ಇವೆ. ಗ್ರೀನ್‌ಲ್ಯಾಂಡಿನ ಹಿಮ ಪೂರ್ತಿ ಕರಗಿದರೆ ಜಗತ್ತಿನ ಕಡಲು ಸರಾಸರಿ 7 ಮೀಟರ್ ಏರುತ್ತದೆ. ಅದಕ್ಕೆ ಶತಮಾನಗಳೇ ಬೇಕು, ನಿಜ. ಆದರೆ 2002ರಿಂದ ಈಚೆಗೆ ವರ್ಷಕ್ಕೆ ಸುಮಾರು 27,000 ಕೋಟಿ ಟನ್ ಹಿಮ ಅಲ್ಲಿಂದ ಕಡಲು ಸೇರುತ್ತಿದೆ. ಇದರಲ್ಲಿ ಒಂದು ವಿಚಿತ್ರವಿದೆ. ಹಿಮದ ರಾಶಿ ಕರಗಿದಂತೆ ಅದರ ಗುರುತ್ವ ಸೆಳೆತ ಕುಗ್ಗಿ, ಗ್ರೀನ್‌ಲ್ಯಾಂಡಿನ ಸುತ್ತ ಕಡಲು ಇಳಿಯುತ್ತದೆ, ದೂರದ ಉಷ್ಣವಲಯದಲ್ಲಿ ಸರಾಸರಿಗಿಂತ ಹೆಚ್ಚು ಏರುತ್ತದೆ. ನಮ್ಮ ಕರಾವಳಿಯ ಕಡಲ್ಕೊರೆತಕ್ಕೆ ಬೇರೆ ಕಾರಣಗಳೂ ಬೇಕಾದಷ್ಟಿವೆ. ಈ ನೀರು ಅವುಗಳ ಜೊತೆ ಬಂದು ಸೇರುತ್ತದೆ.

2021ರ ಆಗಸ್ಟಿನಲ್ಲಿ ಅದೇ ಹಿಮಹಾಸಿನ ನೆತ್ತಿಯ ಮೇಲೆ, 3,200 ಮೀಟರ್ ಎತ್ತರದ ಸಮ್ಮಿಟ್ ಠಾಣೆಯಲ್ಲಿ, ದಾಖಲೆಯಲ್ಲಿ ಮೊದಲ ಸಲ ಮಳೆ ಸುರಿಯಿತು. ಮಳೆಮಾಪಕ ಇರಲಿಲ್ಲ, ಅಲ್ಲಿ ಮಳೆ ಬಂದೀತು ಅಂತ ಯಾರೂ ಅಂದುಕೊಂಡಿರಲಿಲ್ಲ.