ಮಲಪ್ರಭೆಯ ಮಳೆಗಾಲ ಮತ್ತು ಧೋಂಡಿಯಾ ವಾಘ್

ಹುಬ್ಬಳ್ಳಿಯಿಂದ ವಿಜಯಪುರದ ಬಸ್ಸು ಹತ್ತಿದ್ರೆ ನರಗುಂದ, ಕೊಣ್ಣೂರು ದಾಟಿ ಕುಳಗೇರಿ ಕ್ರಾಸ್ ಬರುತ್ತದೆ. ಬಾದಾಮಿಗೆ ಹೋಗೋರು ಇಳೀತಾರೆ, ಚಹಾ ಕುಡೀತಾರೆ, ಮುಂದೆ ಹೋಗ್ತಾರೆ. ಸ್ವಲ್ಪ ಹಿಂದೆ ದಾಟಿ ಬಂದ ಹೊಳೆ ಮಲಪ್ರಭೆ. 1800ರ ಮಳೆಗಾಲದಲ್ಲಿ ಒಬ್ಬ ಮನುಷ್ಯನ ಹಣೆಬರಹ ಈ ಹೊಳೆಯ ನೀರಿನ ಮೇಲೆ ನಿಂತಿತ್ತು.

ಅವನು ಚನ್ನಗಿರಿಯ ಧೋಂಡಿಯಾ ವಾಘ್. ಮರಾಠ ಮನೆತನದವನು. ಹೈದರನ ಕುದುರೆ ಪಡೆಯಲ್ಲಿ ಪಳಗಿದ. ಹಗುರ ಸವಾರರ ಯುದ್ಧವೇ ಬೇರೆ. ದೊಡ್ಡ ತೋಪು ಇಲ್ಲ, ಸಾಲುಗಟ್ಟಿ ನಿಲ್ಲೋದಿಲ್ಲ. ವೈರಿಯ ದಂಡಿನ ಪಕ್ಕಕ್ಕೆ ಎರಗು, ಅವನ ಕಾಳಿನ ಎತ್ತುಗಳನ್ನ ಹೊಡ್ಕೊಂಡು ಹೋಗು, ಅವನು ತಿರುಗೋದ್ರೊಳಗೆ ಮಾಯವಾಗು.

ಮುಂದೆ ಟಿಪ್ಪುವಿನ ಸೇವೆ ಬಿಟ್ಟು ಧಾರವಾಡ ಸೀಮೆಯಲ್ಲಿ ಸ್ವಂತ ಪಡೆ ಕಟ್ಟಿದ. ಮತ್ತೆ ಶ್ರೀರಂಗಪಟ್ಟಣಕ್ಕೆ ಹೋದಾಗ ಟಿಪ್ಪು ಅವನನ್ನ ಸೆರೆಗೆ ಹಾಕಿದ. 1799ರ ಮೇ 4ರಂದು ಕೋಟೆ ಬಿತ್ತು, ಧೋಂಡಿಯಾ ಹೊರಬಂದ. ಕೆಲಸ ಕಳೆದುಕೊಂಡ ಮೈಸೂರಿನ ಸವಾರರು ಅವನ ಬೆನ್ನಿಗೆ ಬಿದ್ದರು. ಬಿದನೂರು ಸೀಮೆಯಿಂದ ಕಂಪನಿ ಪಡೆ ಓಡಿಸಿದರೆ ಮರಾಠರ ನಾಡಿಗೆ ನುಗ್ಗಿದ. ಉಭಯ ಲೋಕಗಳ ಒಡೆಯ ಅಂತ ಬಿರುದು ಇಟ್ಕೊಂಡ. 1800ರ ಜೂನ್ 30ರಂದು ಕಿತ್ತೂರಿನ ಹತ್ತಿರ ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆಯನ್ನೇ ಕೊಂದ.

ಅವನ ಬೆನ್ನು ಹತ್ತಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. 15 ವರ್ಷದ ಮೇಲೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನ ಸೋಲಿಸಿದ ಅದೇ ವೆಲ್ಲಿಂಗ್ಟನ್. ಭಾರದ ದಂಡು ಹಗುರ ದಂಡನ್ನ ಹಿಡಿಯೋದು ಹೇಗೆ? ವೆಲ್ಲೆಸ್ಲಿ ಮೊದಲು ಹೊಟ್ಟೆಯ ಲೆಕ್ಕ ಹಾಕಿದ: ಎತ್ತುಗಳ ಮೇಲೆ ಕಾಳು ಸಾಗಿಸೋ ಲಂಬಾಣಿಗಳನ್ನ ಜೊತೆಗಿಟ್ಟುಕೊಂಡ. ಆಮೇಲೆ ಹೊಳೆಯ ಲೆಕ್ಕ: ಮಳೆಗೆ ಹೊಳೆ ತುಂಬಿದರೆ ಕುದುರೆ ದಾಟೋದಿಲ್ಲ, ದೋಣಿ ಮಾಡಿಸಿಕೊಂಡ ದಂಡು ದಾಟುತ್ತದೆ. ಪಡೆಯನ್ನ ಒಡೆದು ಬೇರೆ ಬೇರೆ ದಿಕ್ಕಿನಿಂದ ನಡೆಸಿದ.

ಜುಲೈ 30ರಂದು ಮುನವಳ್ಳಿಯ ಹತ್ತಿರ ಲೆಕ್ಕ ಸರಿಹೋಯಿತು. ಧೋಂಡಿಯಾನ ಒಂದು ಪಾಳೆಯ ಹೊಳೆ ದಾಟುವ ಮೊದಲೇ ಸಿಕ್ಕಿಬಿತ್ತು. ಎಷ್ಟೋ ಜನ ಮಲಪ್ರಭೆಯಲ್ಲಿ ಮುಳುಗಿದರು. ಆದ್ರೂ ಅವನು ಕೈಗೆ ಸಿಗಲಿಲ್ಲ. ಹೊಳೆಯ ಮೇಲ್ಭಾಗದ ಕಾಡು ಸುತ್ತಿ ಬಂದ, ಆಗಸ್ಟ್ ಕೊನೆಗೆ ಮಲಪ್ರಭೆ ದಾಟಿ ನಿಜಾಮನ ಸೀಮೆ ಸೇರಿದ.

ಸೆಪ್ಟೆಂಬರ್ 10, ರಾಯಚೂರು ಸೀಮೆಯ ಕೋಣಗಲ್. ಧೋಂಡಿಯಾನ ಹತ್ತಿರ ಸುಮಾರು 5,000 ಕುದುರೆ. ಎದುರಿಗೆ ನಾಲ್ಕೇ ರೆಜಿಮೆಂಟ್. ಆ ದಿನ ಅವನು ಓಡಲಿಲ್ಲ, ಊರನ್ನೂ ಬಂಡೆಯನ್ನೂ ಹಿಂದಿಟ್ಟುಕೊಂಡು ನಿಂತ. ವೆಲ್ಲೆಸ್ಲಿ ತನ್ನ ಕುದುರೆಗಳನ್ನೆಲ್ಲ ಒಂದೇ ಸಾಲಾಗಿ ಹರಡಿ ಏರಿಹೋದ. ಧೋಂಡಿಯಾ ಸತ್ತ. ಜೀವನವಿಡೀ ನಿಲ್ಲದೆ ಗೆದ್ದವನು ನಿಂತ ದಿನ ಸೋತ.

ಅವನ ಪಾಳೆಯದ ಸಾಮಾನಿನ ನಡುವೆ ಒಬ್ಬ ಪುಟ್ಟ ಹುಡುಗ ಸಿಕ್ಕ, ಸಲಾಬತ್ ಖಾನ್, ಮಗ. ವೆಲ್ಲೆಸ್ಲಿ ಅವನನ್ನ ಸಾಕಿದ, ಊರು ಬಿಡುವಾಗ ಅವನ ಖರ್ಚಿಗೆ ಹಣ ಇಟ್ಟುಹೋದ.

ಧೋಂಡಿಯಾ ಕಂಪನಿಯ ವಿರುದ್ಧ ನಿಂತ ವೀರನೋ, ಲೂಟಿಗಾರನೋ? ಎರಡೂ ಹೌದು ಅನಿಸ್ತದೆ. ಹಗುರ ದಂಡು ಕಾಳು ಹೊರೋದಿಲ್ಲ, ಹಾದಿಯ ಊರುಗಳ ಹಗೇವಿನಿಂದ ತೆಗೀತದೆ. ಅವನ ವೇಗವನ್ನ ಮೆಚ್ಚುವಾಗ, ಆ ಮಳೆಗಾಲ ಈ ದಂಡೆಯ ರೈತನ ಮನೆಯಲ್ಲಿ ಜೋಳ ಉಳಿದಿತ್ತೋ ಇಲ್ಲವೋ ಅಂತಲೂ ಕೇಳಬೇಕು.