ಕಾರ್ಯಪ್ಪನವರ ಮಗ ಸೆರೆಯಾದಾಗ



ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರು ಕೇಳದವರು ನಮ್ಮ ಶಾಲೆಯಲ್ಲಿ ಯಾರೂ ಇರಲಿಕ್ಕಿಲ್ಲ. ಮಡಿಕೇರಿಯ ಕಾಲೇಜಿಗೆ ಅವರದೇ ಹೆಸರು. ಜನವರಿ 15ಕ್ಕೆ ಸೇನಾ ದಿನ ಆಚರಿಸುವುದು ಕೂಡ ಅವರಿಂದಾಗಿಯೇ. ಅವರು ಮಾಡಿದ ಯುದ್ಧಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ನಾನು ಈ ಸಲ ಬರೆಯುವುದು ಅವರು ಪೆನ್ಶನ್ ಆಗಿ ಮನೆಯಲ್ಲಿ ಇದ್ದಾಗ ಬಂದ ಒಂದು ಕಷ್ಟದ ಬಗ್ಗೆ. ಅದಕ್ಕೆ ಮೊದಲು ಅವರ ಜೀವನವನ್ನು ಸ್ವಲ್ಪ ಹೇಳಬೇಕು.

ಕೊಡಂದೇರ ಮಾದಪ್ಪ ಕಾರ್ಯಪ್ಪನವರು ಹುಟ್ಟಿದ್ದು 1899ರ ಜನವರಿ 28ರಂದು, ನಮ್ಮ ಜಿಲ್ಲೆಯ ಶನಿವಾರಸಂತೆಯಲ್ಲಿ. ತಂದೆ ಮಾದಪ್ಪನವರು ರೆವಿನ್ಯೂ ಇಲಾಖೆಯಲ್ಲಿದ್ದರು. ಮನೆಯಲ್ಲಿ ಮಗನನ್ನು ಕರೆಯುತ್ತಿದ್ದದ್ದು ಚಿಮ್ಮ ಅಂತ. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಓದಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ಆಗ ಬ್ರಿಟಿಷರ ಸೈನ್ಯದಲ್ಲಿ ಆಫೀಸರುಗಳೆಲ್ಲ ಬಿಳಿಯರೇ. ಭಾರತೀಯರನ್ನೂ ಆಫೀಸರಾಗಿ ತೆಗೆದುಕೊಳ್ಳುತ್ತಾರೆ ಎಂದು ತಿಳಿದು ಅರ್ಜಿ ಹಾಕಿ, ಇಂದೋರಿನಲ್ಲಿ ತರಬೇತಿ ಮುಗಿಸಿ, 1919ರಲ್ಲಿ ಆಫೀಸರಾದರು. ಅಲ್ಲಿಂದ ಮುಂದೆ ಅವರ ಜೀವನದಲ್ಲಿ ಬರೀ ಮೊದಲುಗಳೇ. ಕ್ವೆಟ್ಟಾದ ಸ್ಟಾಫ್ ಕಾಲೇಜಿಗೆ ಹೋದ ಮೊದಲ ಭಾರತೀಯ ಆಫೀಸರ್ ಅವರು. 1942ರಲ್ಲಿ ಒಂದು ಬೆಟಾಲಿಯನ್ ಅವರ ಕೈಗೆ ಬಂತು, ಅದೂ ಮೊದಲೇ. 1949ರ ಜನವರಿ 15ರಂದು ಜನರಲ್ ಬುಚರ್ ಅವರಿಂದ ಅಧಿಕಾರ ತೆಗೆದುಕೊಂಡು ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ಮಹಾದಂಡನಾಯಕರಾದರು.

ಅವರ ಧೈರ್ಯದ ಬಗ್ಗೆ ಒಂದು ಮಾತು. ಕಾಶ್ಮೀರದ ಯುದ್ಧದ ಸಮಯದಲ್ಲಿ ಉರಿ ಎನ್ನುವ ಜಾಗಕ್ಕೆ ಜೀಪಿನಲ್ಲಿ ಹೊರಟಿದ್ದರಂತೆ. ಶತ್ರುಗಳಿಗೆ ಗುರುತು ಸಿಗುತ್ತದೆ, ಗಾಡಿಯ ಮೇಲಿನ ಬಾವುಟ ಮತ್ತು ನಕ್ಷತ್ರದ ಪಟ್ಟಿ ತೆಗೆಯೋಣ ಎಂದು ಜೊತೆಯವರು ಹೇಳಿದರೂ ಕೇಳಲಿಲ್ಲ. ದೊಡ್ಡ ಸಾಹೇಬರೇ ಹೆದರಿ ಬಾವುಟ ಬಿಚ್ಚಿಟ್ಟರೆ ಜವಾನರು ಏನು ತಿಳಿದುಕೊಳ್ಳುತ್ತಾರೆ ಎನ್ನುವುದು ಅವರ ಯೋಚನೆ. ಗುಂಡು ಬಿತ್ತು, ಟಯರಿಗೆ ತಾಗಿತು, ಇವರು ಉಳಿದರು ಎಂದು ಹೇಳುತ್ತಾರೆ.

ಆದರೆ ಮನೆಯ ಕಡೆ ನೋಡಿದರೆ ಬೇಜಾರಾಗುತ್ತದೆ. 1937ರಲ್ಲಿ ಅವರಿಗೆ ಮದುವೆಯಾಯಿತು. ಹೆಂಡತಿ ಮುತ್ತು ಅವರಿಗಿಂತ ತುಂಬಾ ಚಿಕ್ಕವರು. 1938ರಲ್ಲಿ ಮಗ ನಂದಾ, 1943ರಲ್ಲಿ ಮಗಳು ನಳಿನಿ ಹುಟ್ಟಿದರು. ಸಾಹೇಬರಿಗೆ ಯಾವಾಗಲೂ ಡ್ಯೂಟಿ, ಇವತ್ತು ಈ ಊರು, ನಾಳೆ ಇನ್ನೊಂದು. 1945ರಲ್ಲಿ ಗಂಡ ಹೆಂಡತಿ ಬೇರೆಯಾದರು. ಮೂರು ವರ್ಷ ಕಳೆದು ಮುತ್ತು ಅವರು ಒಂದು ಅಪಘಾತದಲ್ಲಿ ತೀರಿಕೊಂಡರು. ಆಗ ನಂದಾನಿಗೆ ಹತ್ತು ವರ್ಷ, ನಳಿನಿಗೆ ಐದು. ತಂದೆ ಕಾಶ್ಮೀರದ ಯುದ್ಧ ನಡೆಸುತ್ತಿದ್ದ ವರ್ಷ ಅದು. ದೊಡ್ಡವರ ತಪ್ಪು ಹುಡುಕುವ ವಯಸ್ಸು ನನ್ನದಲ್ಲ. ಆದರೂ ಇದನ್ನು ಓದಿದಾಗ ನನಗೆ ಆ ಮಕ್ಕಳದ್ದೇ ಯೋಚನೆ ಆಯಿತು.

ಶಿಸ್ತಂತೂ ಬಹಳ. ಮಗನೇ ಮುಂದೆ ಇದನ್ನು ನೆನಪು ಮಾಡಿಕೊಂಡಿದ್ದಾರೆ. ಒಂದು ದಿನ ಶಾಲೆಯ ಗಾಡಿ ಬರಲಿಲ್ಲ ಅಂತ ತಂದೆಯ ಕೈಕೆಳಗಿನ ಆಫೀಸರರು ಸರಕಾರಿ ಕಾರು ಕಳಿಸಿ ಹುಡುಗನನ್ನು ಮನೆಗೆ ಕರೆಸಿದರು. ಅದು ಗೊತ್ತಾದ ಕೂಡಲೇ ಕಾರ್ಯಪ್ಪನವರಿಗೆ ಸಿಟ್ಟು ಬಂತು. ಕಾರು ಸರಕಾರದ್ದು, ಮಗ ನನ್ನವನು ಎಂದು ಹೇಳಿ ಅಷ್ಟು ದೂರದ ದುಡ್ಡನ್ನು ತಮ್ಮ ಕಿಸೆಯಿಂದಲೇ ಕಟ್ಟಿಸಿದರು. ನಮ್ಮಲ್ಲಿ ಎಷ್ಟು ಜನ ಹೀಗೆ ಮಾಡ್ತೇವೆ ಹೇಳಿ?

1953ರಲ್ಲಿ ನಿವೃತ್ತರಾಗಿ, ಮೂರು ವರ್ಷ ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ನಮ್ಮ ದೇಶದ ಹೈಕಮಿಷನರ್ ಆಗಿ, ಮತ್ತೆ ಮಡಿಕೇರಿಗೆ ಬಂದರು. ಅವರ ಮನೆಯ ಹೆಸರು ರೋಶನಾರಾ. ಮಗ ನಂದಾ ವಾಯುಸೇನೆ ಸೇರಿ ಪೈಲೆಟ್ ಆದರು.

1965ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ನಡೆಯಿತು. ಸೆಪ್ಟೆಂಬರ್ 22ರಂದು ನಂದಾ ಹಂಟರ್ ವಿಮಾನದಲ್ಲಿ ಗಡಿ ದಾಟಿ ಹೋದರು. ಮರುದಿನ ಬೆಳಗಾಗುವುದರೊಳಗೆ ಯುದ್ಧ ನಿಲ್ಲುವುದಿತ್ತು, ಎಂಥ ಗ್ರಹಚಾರ ನೋಡಿ. ಕೆಳಗಿನಿಂದ ಬಂದ ಗುಂಡು ವಿಮಾನಕ್ಕೆ ಬಡಿಯಿತು. ನಂದಾ ಪ್ಯಾರಾಶೂಟಿನಲ್ಲಿ ಹಾರಿದರು, ಬೆನ್ನುಮೂಳೆಗೆ ಪೆಟ್ಟಾಯಿತು, ಪಾಕಿಸ್ತಾನದವರ ಕೈಗೆ ಸಿಕ್ಕಿದರು. ಹೆಸರು, ಹುದ್ದೆ, ನಂಬರು ಇಷ್ಟೇ ಅವರು ಹೇಳಿದ್ದು. ಆದರೆ ಕಾರ್ಯಪ್ಪ ಎನ್ನುವ ಹೆಸರು ಆ ಸೈನ್ಯದವರಿಗೂ ಗೊತ್ತಿದ್ದದ್ದೇ ಅಲ್ವಾ!

ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದದ್ದು ಅಯೂಬ್ ಖಾನ್. ದೇಶ ಎರಡಾಗುವ ಮೊದಲು ಬನ್ನು ಎಂಬಲ್ಲಿ ಅವರು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಹಳೆಯ ಸಾಹೇಬರ ಮಗ ಬದುಕಿದ್ದಾನೆ ಎಂಬ ಸುದ್ದಿಯನ್ನು ಪಾಕಿಸ್ತಾನದ ರೇಡಿಯೋ ಹೇಳಿತು. ಮಗನನ್ನು ಬಿಟ್ಟುಕೊಡಲು ತಯಾರಿದ್ದೇವೆ ಎಂದು ದೆಹಲಿಯಲ್ಲಿದ್ದ ತಮ್ಮ ರಾಯಭಾರಿಯ ಮೂಲಕ ಅಯೂಬ್ ಖಾನ್ ಹೇಳಿಕಳಿಸಿದರು.

ಕಾರ್ಯಪ್ಪನವರು ಬೇಡ ಎಂದರು. ಅಲ್ಲಿ ಸೆರೆಯಲ್ಲಿರುವ ಜವಾನರೆಲ್ಲರೂ ತಮಗೆ ಮಕ್ಕಳೇ, ನೋಡಿಕೊಳ್ಳುವುದಾದರೆ ಎಲ್ಲರನ್ನೂ ಒಂದೇ ರೀತಿ ನೋಡಿಕೊಳ್ಳಿ, ಒಬ್ಬನಿಗೆ ಮಾತ್ರ ಬೇರೆ ಉಪಚಾರ ಬೇಡ ಎಂದು ತಿಳಿಸಿದರು.

ನಾನು ಇದನ್ನು ಮನೆಯಲ್ಲಿ ಓದಿ ಹೇಳಿದಾಗ ನಮ್ಮ ಅಜ್ಜಿ ಒಪ್ಪಲೇ ಇಲ್ಲ. ಬೆನ್ನು ಮುರಿದು ಶತ್ರುವಿನ ಆಸ್ಪತ್ರೆಯಲ್ಲಿ ಮಲಗಿದ ಮಗನನ್ನು ಬೇಡ ಅನ್ನಲಿಕ್ಕೆ ಯಾವ ಹೆತ್ತವರಿಗೆ ಮನಸ್ಸು ಬರುತ್ತದೆ, ಆ ಮಗುವಿಗೆ ಅಮ್ಮ ಬೇರೆ ಇರಲಿಲ್ಲ ಅಂದರು. ಕ್ಲಾಸಿನಲ್ಲಿ ಕೂಡ ಜಗಳವೇ ಆಯಿತು. ಅವರಿಗೆ ಯಾವಾಗಲೂ ಕೆಲಸ ಮೊದಲು, ಮನೆ ಆಮೇಲೆ ಅಂತ ನನ್ನ ಗೆಳತಿ ಹೇಳಿದಳು. ಸತ್ಯ ಹೇಳಬೇಕೆಂದರೆ ನಾನಾಗಿದ್ದರೆ ಕೂಡಲೇ ಹೂಂ ಅನ್ನುತ್ತಿದ್ದೆ.

ಆದರೆ ಒಂದು ವಿಷಯ ಯೋಚಿಸಿ. 1965ರಲ್ಲಿ ಅವರಿಗೆ ಕೆಲಸವೇ ಇರಲಿಲ್ಲ. ಸೈನ್ಯ ಬಿಟ್ಟು ಹನ್ನೆರಡು ವರ್ಷ ಕಳೆದಿತ್ತು, ವಯಸ್ಸು 66. ಹೂಂ ಅಂದಿದ್ದರೆ ಕೇಳುವ ಮೇಲಧಿಕಾರಿ ಯಾರೂ ಇಲ್ಲ. ಆದರೆ ಹಿಂದಿನ ವರ್ಷವಷ್ಟೇ ಅವರು ಮಾಜಿ ಸೈನಿಕರ ಸಂಘ ಶುರು ಮಾಡಿದ್ದರು. ಸೆರೆಸಿಕ್ಕ ಬೇರೆ ಹುಡುಗರ ಅಪ್ಪಂದಿರಿಗೆ ರಾಯಭಾರಿಯೂ ಇಲ್ಲ, ಅಯೂಬ್ ಖಾನರ ಪರಿಚಯವೂ ಇಲ್ಲ. ತಮ್ಮ ಮಗ ಒಬ್ಬನೇ ಬಂದರೆ ಆ ಅಪ್ಪಂದಿರ ಮುಖ ನೋಡುವುದು ಹೇಗೆ? ಅವರಿಗೆ ಇದೇ ದೊಡ್ಡದಾಗಿ ಕಂಡಿರಬೇಕು ಎಂದು ನನಗೆ ಅನಿಸುತ್ತದೆ. ನಮ್ಮ ಕೊಡಗಿನಲ್ಲಿ ಮಿಲಿಟ್ರಿಗೆ ಆಳು ಕಳಿಸಿದ ಮನೆಗಳು ಎಷ್ಟು ಉಂಟು ಅಂತ ಲೆಕ್ಕ ಹಾಕಿದರೆ ನಿಮಗೂ ಅರ್ಥ ಆಗಬಹುದು. ಅಜ್ಜಿಗೆ ಇದನ್ನೂ ಹೇಳಿದೆ. ಸುಮ್ಮನೆ ಕೂತರು, ಒಪ್ಪಿದೆ ಅಂತ ಮಾತ್ರ ಹೇಳಲಿಲ್ಲ.

ರಾವಲ್ಪಿಂಡಿಯ ಆಸ್ಪತ್ರೆಯಲ್ಲಿದ್ದ ನಂದಾನನ್ನು ನೋಡಲು ಅಯೂಬ್ ಖಾನರ ಹೆಂಡತಿ ಬಂದರು. ಓದಲಿಕ್ಕೆ ಒಂದು ವುಡ್‌ಹೌಸ್ ಕಾದಂಬರಿ, ಜೊತೆಗೆ ಸಿಗರೇಟು ತಂದುಕೊಟ್ಟರು. (ಸಿಗರೇಟಿನ ವಿಷಯ ಬರೆಯಬಹುದೋ ಎಂದು ಮೇಷ್ಟ್ರನ್ನು ಕೇಳಿದೆ. ನಡೆದದ್ದನ್ನು ಬರಿ ಅಂದರು.)

ನಂದಾ ತಮ್ಮ ದೇಶದ ನೆಲಕ್ಕೆ ಬಂದದ್ದು 1966ರ ಜನವರಿ 22ರಂದು, ಬೇರೆ ಸೆರೆಯಾಳುಗಳ ಜೊತೆಗೇ. ನಾಲ್ಕು ತಿಂಗಳು ಆಗಿತ್ತು. ಮುಂದೆ ಅವರು ಏರ್ ಮಾರ್ಷಲ್ ಆದರು, ತಂದೆಯ ಜೀವನಚರಿತ್ರೆಯನ್ನೂ ಬರೆದರು. ಕಾರ್ಯಪ್ಪನವರು 1986ರಲ್ಲಿ ಫೀಲ್ಡ್ ಮಾರ್ಷಲ್ ಆಗಿ, 1993ರ ಮೇ 15ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅಂತ್ಯಕ್ರಿಯೆ ನಡೆದದ್ದು ಮಡಿಕೇರಿಯಲ್ಲಿ.